ಆರದ ಸೂಟ್‌ಕೇಸು

ಚಳಿಗಾಲ ಬಂತೆಂದು ಆ ಮನೆಯವರಿಗೆ ಮೊದಲು ಹೇಳುತ್ತಿದ್ದುದು ಕಿಟಕಿಗಳು. ಮೂರನೆಯ ಮಹಡಿಯ ಮನೆ; ಬೀದಿಯ ಕಡೆಗೆ ಎರಡು ಕಿಟಕಿ, ಹಿಂದಿನ ಅಂಗಳದ ಕಡೆಗೆ ಒಂದು, ಅಡುಗೆಮನೆಯಲ್ಲಿ ಗೇಣುದ್ದದ್ದೊಂದು. ಬೆಳಗಾದರೆ ನಾಲ್ಕೂ ಗಾಜುಗಳು ಜ್ವರ ಬಿಟ್ಟ ಹಣೆಯ ಹಾಗೆ ಬೆವರಿ ನಿಂತಿರುತ್ತಿದ್ದವು. ಹನಿಗೆ ಹನಿ ಕೂಡಿ, ಗಾಜಿನ ಮೇಲೆ ದಾರಿ ಮಾಡಿಕೊಂಡು ಇಳಿದು, ಚೌಕಟ್ಟಿನ ಮೂಲೆಯಲ್ಲಿ ಹೊಂಡ ಕಟ್ಟಿ, ಅಲ್ಲಿಂದ ಗೋಡೆಗೆ ಜಾರುತ್ತಿದ್ದವು. ಕಿಟಕಿ ಅಳುತ್ತಿದೆ ಎಂದು ಬರೆದರೆ ಪದ್ಯವಾದೀತು. ಸೊಸೆಯ ಪಾಲಿಗೆ ಅದು ಕೆಲಸಕ್ಕೆ ಹೊರಡುವ ಮುಂಚೆ ಹಿಂಡಬೇಕಾದ ಇನ್ನೊಂದು ಬಟ್ಟೆ.

ಸೊಸೆ ಸಿಟಿ ಬಸ್ಸಿನ ಡ್ರೈವರು. ಊರು ಕಣ್ಣು ಬಿಡುವ ಮುಂಚೆ ಡಿಪೋದಲ್ಲಿರಬೇಕು. ಗಂಡ ಬೇಕರಿಯಲ್ಲಿ ರಾತ್ರಿ ಪಾಳಿಯವನು. ಅವಳು ಮೆಟ್ಟಿಲು ಇಳಿದು ಎಷ್ಟೋ ಹೊತ್ತಾದ ಮೇಲೆ ಮೈಯೆಲ್ಲ ಹಿಟ್ಟಾಗಿ ಮನೆಗೆ ಬಂದು, ಪರದೆ ಎಳೆದು, ಹಗಲೆಲ್ಲ ಗೊರಕೆ ಹೊಡೆಯುವವನು. ಇವರಿಬ್ಬರ ನಡುವಿನ ಖಾಲಿ ಜಾಗದಲ್ಲಿ ಮನೆ ನಡೆಸುತ್ತಿದ್ದವನು ಮಾವ. ಮೊಮ್ಮಗಳು ಗುಬ್ಬಿಯನ್ನು ಎಬ್ಬಿಸಿ, ಬ್ರೆಡ್ಡು ಸುಟ್ಟುಕೊಟ್ಟು, ಹಗ್ಗ ಹೊಸೆದ ಹಾಗೆ ಎರಡು ಜಡೆ ಹಾಕಿ ಶಾಲೆಗೆ ಬಿಡುತ್ತಿದ್ದ. ಪಾಳಿ ಮುಗಿಸಿ ಬರುವ ಸೊಸೆಗೆಂದು ಫ್ಲಾಸ್ಕಿನಲ್ಲಿ ಚಹಾ ಇಡುತ್ತಿದ್ದ. ಚಹಾ ಯಾವಾಗಲೂ ಕಷಾಯದಷ್ಟು ಗಟ್ಟಿ. ಇವಳು ಯಾವಾಗಲೂ ಕುಡಿಯುತ್ತಿದ್ದಳು.

ಮಾವ ಮೂವತ್ತು ವರ್ಷ ಕೋಲ್ಡ್ ಸ್ಟೋರೇಜಿನಲ್ಲಿ ಬಾಗಿಲು ಕಾದವನು. ಆನೆ ನುಗ್ಗುವಷ್ಟು ದೊಡ್ಡ ಬಾಗಿಲು, ಒಳಗೆ ಮೀನು, ಬೆಣ್ಣೆ, ಬಟಾಣಿ. ಅಲ್ಲಿ ತೆರೆದ ಬಾಗಿಲಿಗಿಂತ ದೊಡ್ಡ ಪಾಪವಿಲ್ಲ. ಹೊರಗಿನ ಬೆಚ್ಚನೆಯ ಗಾಳಿ ನುಗ್ಗಿದರೆ ಅದರ ಜೊತೆಗೆ ನೀರೂ ಬಂದು, ಸರಕಿನ ಮೇಲೆ ಮಂಜುಗಡ್ಡೆಯಾಗಿ ಕೂತುಬಿಡುತ್ತದೆ. ನಿವೃತ್ತಿಯ ದಿನ ಅಲ್ಲಿಯವರು ಕೊಟ್ಟ ಕಂದು ಚರ್ಮದ ಸೂಟ್‌ಕೇಸಿನ ಜೊತೆ ಈ ವಿದ್ಯೆಯನ್ನೂ ಮಾವ ಮನೆಗೆ ತಂದಿದ್ದ. ಈ ಸಲ ಎಲೆ ಉದುರುವ ಕಾಲಕ್ಕೇ ಕಿಟಕಿಗಳ ಸಂದಿಗೊಂದಿಗೆಲ್ಲ ಸ್ಪಂಜಿನ ಪಟ್ಟಿ ಅಂಟಿಸಿ, ಅದರ ಮೇಲೆ ಟೇಪು ಹೊಡೆದು, ಅಡುಗೆಮನೆಯ ಗಾಳಿಕಿಂಡಿಗೆ ರಟ್ಟು ತುರುಕಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಇನ್ನು ಒಂದು ಸೊಳ್ಳೆ ಒಳಗೆ ಬಂದ್ರೆ ನನ್ನ ಕೇಳು."

ಸೊಳ್ಳೆ ಬರಲಿಲ್ಲ. ನೀರು ಬಂತು.

"ಮಾವ, ಇದು ನಮ್ಮದೇ ನೀರು," ಎಂದಳು ಸೊಸೆ, ಒಂದು ಭಾನುವಾರ ಗಾಜು ಒರೆಸುತ್ತಾ. "ಅನ್ನದ ಹಬೆ, ಸ್ನಾನದ ಹಬೆ, ಒಣಹಾಕಿದ ಬಟ್ಟೆ, ನಮ್ಮ ಉಸಿರು. ಮಳೆ ದಿನ ಬಸ್ ತುಂಬ ಒದ್ದೆ ಜನ ಹತ್ತಿದ್ರೆ ನನ್ನ ಗಾಜೂ ಹಿಂಗೇ ಆಗುತ್ತೆ. ಕಿಟಕಿ ಒಂಚೂರು ಬಿಟ್ಟುಕೊಂಡ್ರೆ ಸರಿ."

"ಬಸ್ಸು ಬಸ್ಸೇ, ಮನೆ ಮನೇನೇ. ಮನೇಲಿ ಐವತ್ತು ಜನ ನೇತಾಡ್ತಾ ಇದ್ದಾರಾ?"

"ಅಜ್ಜ ಒಬ್ಬನೇ ಐವತ್ತು ಜನದಷ್ಟು ಮಾತಾಡ್ತಾನಲ್ಲ," ಎಂದಳು ಗುಬ್ಬಿ, ಗಾಜಿನ ಮೇಲೆ ಬೆರಳಿನಿಂದ ಮೀಸೆ ಬರೆಯುತ್ತಾ. ಅಷ್ಟರಲ್ಲಿ ಕೆಮ್ಮು ಬಂದು ಮಾತು ಅಲ್ಲಿಗೇ ನಿಂತಿತು.

ಆ ಕೆಮ್ಮೇ ಸೊಸೆಯನ್ನು ಕಾಡುತ್ತಿದ್ದುದು. ಗುಬ್ಬಿ ಮಲಗುತ್ತಿದ್ದುದು ಮೂಲೆಯ ಕೋಣೆಯಲ್ಲಿ, ಅಜ್ಜನ ಜೊತೆ. ನಡುವೆ ಒಂದು ಹೂವಿನ ಪರದೆ. ಎರಡು ಕಡೆ ಹೊರಗೋಡೆ ಇರುವ ಆ ಕೋಣೆಯಷ್ಟು ಥಂಡಿ ಕೋಣೆ ಮನೆಯಲ್ಲಿ ಇನ್ನೊಂದಿರಲಿಲ್ಲ. ಚೌಕಟ್ಟಿನ ಪಕ್ಕ ಕರಿಮೆಣಸು ಎರಚಿದ ಹಾಗೆ ಚುಕ್ಕೆ ಬಿದ್ದಿದ್ದವು. ಡಾಕ್ಟರು ಗುಬ್ಬಿಯ ಎದೆಗೆ ಕಿವಿಗೊಟ್ಟು ಕೇಳಿ, "ಮಲಗೋ ಜಾಗ ಒಣಗಿರಲಿ," ಎಂದಿದ್ದರು. ಔಷಧಿ ಬರೆದುಕೊಡುವುದು ಸುಲಭ. ಒಣ ಜಾಗವನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು?

ಅಲ್ಲಿಂದ ಮನೆಯಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಸೊಸೆ ಹೊರಡುವಾಗ ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಟ್ಟು ಹೋಗುವಳು. ಅವಳ ಬೂಟಿನ ಸದ್ದು ಮೆಟ್ಟಿಲಲ್ಲಿ ಕರಗುತ್ತಲೇ ಮಾವ ಎದ್ದು ಮುಚ್ಚುವನು. ಸಂಜೆ ಅವಳು ಕಿತ್ತ ಟೇಪನ್ನು ಮರುದಿನ ಅವನು ಎರಡು ಸುತ್ತು ಹೊಡೆಯುವನು. ಊಟಕ್ಕೆ ಕೂತರೆ ಅದೇ ಮಾತು.

"ಆಲೂಗಡ್ಡೆ ಬೇಯಿಸುವಾಗ ಮುಚ್ಚಳ ಮುಚ್ಚಿ ಮಾವ."

"ಮುಚ್ಚಳ ಮುಚ್ಚಬೇಕು, ಕಿಟಕಿ ತೆಗೀಬೇಕು. ಸರಿ ಬಿಡಮ್ಮ. ಪ್ಯಾಂಟು ಹಾಕ್ಕೊಬೇಕೋ ಬೇಡವೋ ಅದನ್ನೂ ಹೇಳಿಬಿಡು."

ಗಂಡ ಸೂಪಿನ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಪ್ಪನ ಪರ ಅಂದರೆ ಹೆಂಡತಿಗೆ ಸಿಟ್ಟು, ಹೆಂಡತಿಯ ಪರ ಅಂದರೆ ಅಪ್ಪನಿಗೆ. "ಉಪ್ಪು ಕೊಡು," ಎಂದ. ಉಪ್ಪು ಅವನ ಮುಂದೆಯೇ ಇತ್ತು.

ಕೊನೆಗೆ ಸೊಸೆ ಖಡಾಖಂಡಿತವಾಗಿ ಹೇಳಿದಳು. "ಒಂದು ವಾರ ನನ್ನ ಮಾತು ನಡೀಲಿ. ಹಗಲೂ ರಾತ್ರಿ ಕಿಟಕಿ ಎರಡು ಬೆರಳು ತೆರೆದೇ ಇರಬೇಕು. ಆಗ್ಲೂ ಒದ್ದೆ ಇದ್ರೆ ನಾನು ಬಾಯಿ ಮುಚ್ಕೋತೀನಿ."

"ಅರ್ಧ ತೆರೆದ ಬಾಗಿಲು ಕಳ್ಳನಿಗಿಂತ ಕೆಟ್ಟದ್ದು," ಎಂದ ಮಾವ. "ನಮ್ಮಲ್ಲಿ ಲಾರಿ ಬಂದ್ರೆ ಪೂರಾ ತೆರೀತಿದ್ವಿ, ಸರಸರ ಇಳಿಸ್ತಿದ್ವಿ, ಧಡ್ ಅಂತ ಮುಚ್ತಿದ್ವಿ. ಸಂದಿ ಬಿಟ್ಕೊಂಡು ಕೂತವನನ್ನ ಮೇಸ್ತ್ರಿ ಮನೆಗೆ ಕಳಿಸ್ತಿದ್ದ."

"ಒಂದು ವಾರ, ಮಾವ."

ಅವನು ಕೈಕಟ್ಟಿ ಕೂತು ಆ ವಾರ ಕಳೆದ. ಎರಡು ಸ್ವೆಟರು, ಕಿವಿ ಮುಚ್ಚುವ ಟೋಪಿ. ಊಟದ ಮೇಜಿಗೂ ಟೋಪಿ ತೆಗೆಯದೆ ಬಂದು ಕೂರುತ್ತಿದ್ದ, ನೋಡುವವರು ನೋಡಲಿ ಎಂಬಂತೆ. ಹೀಟರು ಹಗಲೂ ರಾತ್ರಿ ಉರಿಯಿತು. ಅದರ ಕಾವೆಲ್ಲ ಆ ಎರಡು ಬೆರಳಿನ ಸಂದಿಯಿಂದ ಬೀದಿ ಕಾಯಿಸಲು ಹೋಯಿತು. ಗಾಜೇನೋ ಸ್ವಲ್ಪ ತಿಳಿಯಾಯಿತು. ಆದರೆ ಕಿಟಕಿಯ ಸುತ್ತಲ ಗೋಡೆ ಮುಟ್ಟಿದರೆ ಮೀನಿನ ಹೊಟ್ಟೆಯ ಹಾಗೆ ತಣ್ಣಗಾಗಿ, ಕರಿಮೆಣಸಿನ ಚುಕ್ಕೆಗಳು ಒಂದಕ್ಕೆರಡಾಗಿ ಛಾವಣಿಯ ಕಡೆ ಹೊರಟವು. ಗುಬ್ಬಿಯ ಕೆಮ್ಮು ಒಂದಿಷ್ಟೂ ತಗ್ಗಲಿಲ್ಲ.

"ಬಸ್ ಸ್ಟಾಪ್ ಬಂತಾ?" ಎಂದು ಕೇಳಿದ ಮಾವ, ಟೋಪಿ ತೆಗೆಯುತ್ತಾ. "ಇಳೀತೀಯಾ?"

ಸೊಸೆ ಕಿಟಕಿ ಮುಚ್ಚಿದಳು. ಎಲ್ಲಿ ತಪ್ಪಿತೆಂದು ಅವಳಿಗೆ ತಿಳಿಯಲಿಲ್ಲ. ಆದರೆ ಮಾವ ಹೇಳುವುದೂ ಸರಿಯಲ್ಲ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

ಗೆದ್ದವನು ಗೆದ್ದಷ್ಟಕ್ಕೇ ಸುಮ್ಮನಿರಬೇಕು. ಮಾವ ಇರಲಿಲ್ಲ. ಈಗ ಅವನ ವಾದ ಒಂದು ಹೆಜ್ಜೆ ಮುಂದೆ ಹೋಯಿತು: ಕಿಟಕಿ ಭದ್ರವಾಗಿದೆ, ನೀರು ಬರುತ್ತಿರುವುದು ಗೋಡೆಯಿಂದ. ಹೊರಗಿನ ಗಿಲಾವು ಸರಿಯಿಲ್ಲ, ಮಳೆನೀರನ್ನು ಇಟ್ಟಿಗೆ ಕುಡಿದು ಒಳಗೆ ಉಗುಳುತ್ತಿದೆ. ಮನೆಯ ಮಾಲೀಕಳಿಗೆ ಫೋನು ಮಾಡಿ ಕೂಗಾಡಿದ. ಅವಳು, "ನೀವು ಕಿಟಕಿ ಮುಚ್ಚಿಕೊಂಡು ಉಸಿರಾಡೋದಕ್ಕೆ ನಾನು ಜವಾಬ್ದಾರಳಲ್ಲ," ಎಂದು ಫೋನಿಟ್ಟಳು.

"ಇವಳಿಗೂ ನೀನೇ ಹೇಳಿಕೊಟ್ಟಿದ್ದೀಯಾ?" ಎಂದು ಸೊಸೆಯ ಮೇಲೆ ಹಾಯ್ದ.

"ನಾನ್ಯಾಕೆ ಹೇಳಿಕೊಡ್ಲಿ? ಮೂಗಿರೋರಿಗೆಲ್ಲ ಗೊತ್ತಾಗುತ್ತೆ. ಗುಬ್ಬಿ ದಿಂಬು ಮೂಸಿ ನೋಡಿ, ಹಳೇ ಬಾವಿ ವಾಸನೆ."

"ಹಾಗಾದ್ರೆ ಮಗು ಕೆಮ್ಮೋದು ನನ್ನಿಂದ!"

ಯಾರೂ ಹಾಗೆ ಹೇಳಿರಲಿಲ್ಲ. ಹೇಳದಿದ್ದರೂ ಆ ಮಾತು ವಾರಗಟ್ಟಲೆಯಿಂದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಪಕ್ಕದಲ್ಲೇ ಇತ್ತು. ಗಂಡ ಆ ಡಬ್ಬಿಯನ್ನು ಇನ್ನೊಂದು ಕಡೆಗೆ ಸರಿಸಿದ.

ಮಾವ ಎದ್ದುಹೋಗಿ ಆಚೆಯದು ಕಾಣುವಂಥ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ತಂದ. ಮೂಲೆಯ ಕೋಣೆಯಲ್ಲಿ ಗುಬ್ಬಿಯ ಹಾಸಿಗೆಯ ಪಕ್ಕದ ಹೊರಗೋಡೆಯನ್ನು ಬಟ್ಟೆಯಿಂದ ಒರೆಸಿ, ಒಣಗಿಸಿ, ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹೊಡೆದು ಅಂಟಿಸಿದ. ಕೋಲ್ಡ್ ಸ್ಟೋರೇಜಿನಲ್ಲಿ ಗೋಡೆ ಸೋರುವುದನ್ನು ಹಾಗೆಯೇ ಹಿಡಿಯುತ್ತಿದ್ದರಂತೆ.

"ನೋಡ್ಕೊಳ್ಳಿ ಎಲ್ರೂ. ಹಾಳೆ ಹಿಂದೆ, ಗೋಡೆ ಕಡೆ ನೀರು ಕಟ್ಟಿದ್ರೆ ಅದು ಹೊರಗಿನ ನೀರು. ಮುಂದೆ, ನಮ್ಮ ಕಡೆ ಕಟ್ಟಿದ್ರೆ ಮನೆ ನೀರು. ಭಾನುವಾರ ಬೆಳಿಗ್ಗೆ ಎಲ್ರ ಮುಂದೆ ನೋಡೋದು. ನಮ್ಮ ಕಡೆ ಒದ್ದೆ ಇದ್ರೆ..." ಎಂದು ಸುತ್ತ ನೋಡಿ, ದೊಡ್ಡದೊಂದು ಪಣಕ್ಕಾಗಿ ಹುಡುಕಿ, ಹಿಡಿದ. "ನಾನು ಸೂಟ್‌ಕೇಸು ತಗೊಂಡು ಮಗಳ ಮನೆಗೆ ಹೋಗ್ತೀನಿ."

"ಅಜ್ಜ, ಬೇಡ," ಎಂದಳು ಗುಬ್ಬಿ.

"ನನ್ನ ಮಾತು ಅಂದ್ರೆ ಮಾತು."

ಅವನ ಮಗಳಿದ್ದುದು ಒಂದು ಹಗಲಿನ ರೈಲು ದಾರಿಯಾಚೆ, ಹನ್ನೊಂದನೆಯ ಮಹಡಿಯಲ್ಲಿ. ಚಪ್ಪಲಿಯ ಜೊತೆಗೆ ಧೂಳನ್ನೂ ಬಾಗಿಲಲ್ಲೇ ಬಿಟ್ಟು ಬರಬೇಕಾದ ಮನೆ. ಹೋದ ಸಲ ಅಲ್ಲಿಗೆ ಹೋದವನು ಮೂರು ದಿನಕ್ಕೇ ವಾಪಸು ಬಂದಿದ್ದ.

ಆ ವಾರ ಬಸ್ಸು ಓಡಿಸುವಾಗ ಸೊಸೆಗೆ ಗಾಜಿನ ಆಚೆ ರಸ್ತೆ, ಈಚೆ ಆ ಪ್ಲಾಸ್ಟಿಕ್ ಹಾಳೆ. ಅದರ ಯಾವ ಕಡೆ ಒದ್ದೆಯಾಗುತ್ತದೆಂದು ಅವಳಿಗೆ ಗೊತ್ತಿತ್ತು. ಗೆಲ್ಲುವುದು ಖಂಡಿತ. ಗೆದ್ದು ಮಾಡುವುದೇನು? ಬೆಳಿಗ್ಗೆ ಗುಬ್ಬಿಯನ್ನು ಎಬ್ಬಿಸುವವರು ಯಾರು? ಮಲಗಿದ ಗಂಡನನ್ನು ಎಬ್ಬಿಸದಂತೆ ಪಾತ್ರೆ ತೊಳೆಯುವವರು ಯಾರು? ಕೊನೆಯ ಸ್ಟಾಪಿನಲ್ಲಿ ಇಂಜಿನ್ ಆರಿಸಿದಾಗ ಅವಳಿಗೆ ನೆನಪಾದದ್ದು ಆ ಕಷಾಯದಂಥ ಚಹಾ. ಹಾಳಾದ ಚಹಾ, ಇಷ್ಟು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಅವಳು ಎದ್ದಳು. ಅಡುಗೆಮನೆಯಿಂದ ಒಣಬಟ್ಟೆಯೊಂದನ್ನು ಕೈಗೆತ್ತಿಕೊಂಡಳು. ಬೆಕ್ಕಿನ ಹೆಜ್ಜೆಯಲ್ಲಿ ಮೂಲೆಯ ಕೋಣೆಯ ಬಾಗಿಲು ತಳ್ಳಿದಳು.

ಮಾವ ಹಾಳೆಯ ಮುಂದೆ ನಿಂತಿದ್ದ. ಕೈಯಲ್ಲಿ ಟವೆಲು. ಟವೆಲಿನಿಂದ ನೆಲಕ್ಕೆ ಒಂದು ಹನಿ ಬಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಒಬ್ಬರ ಕೈಯನ್ನೊಬ್ಬರು ನೋಡಿದರು.

"ನೀನ್ಯಾಕೆ ಬಟ್ಟೆ ಹಿಡ್ಕೊಂಡು ಬಂದೆ?" ಎಂದ ಮಾವ, ಪಿಸುಗುಟ್ಟಿ.

"ನೀವ್ಯಾಕೆ ಟವೆಲು ಹಿಡ್ಕೊಂಡು ನಿಂತಿದ್ದೀರಿ?"

"ಮೊದಲು ನಾನು ಕೇಳಿದ್ದು."

"ಒರೆಸೋಕೆ," ಎಂದಳು ಸೊಸೆ. "ನಿಮ್ಮ ಪಂದ್ಯ ನಿಮಗಿರಲಿ. ನನಗೆ ಬೆಳಿಗ್ಗೆ ಗುಬ್ಬಿಗೆ ಜಡೆ ಹಾಕೋರು ಬೇಕು."

ಮಾವ ಟವೆಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಹಾಳೆಯ ಮುಂಭಾಗ ಅರ್ಧ ಒಣಗಿತ್ತು, ಇನ್ನರ್ಧದಲ್ಲಿ ಹನಿಗಳು ಸಾಲಾಗಿ ನಿಂತಿದ್ದವು. ಹಿಂದೆ, ಗೋಡೆಯ ಕಡೆ, ಒಂದೇ ಒಂದು ಹನಿಯೂ ಇರಲಿಲ್ಲ.

"ಮಗಳ ಮನೇಲಿ ಕಿಟಕಿ ತೆಗೆಯೋಕೂ ಬರಲ್ಲ, ಮುಚ್ಚೋಕೂ ಬರಲ್ಲ," ಎಂದ. "ಗೋಡೆಯೆಲ್ಲ ಗಾಜು. ದಿನವಿಡೀ ನಾನೇನು ಮಾಡ್ಲಿ ಅಲ್ಲಿ?"

"ಪೂರ್ತಿ ಒರೆಸಿಬಿಡಿ. ನಾನು ನೋಡಿಲ್ಲ."

ಅವನು ಟವೆಲು ಎತ್ತಿದ. ಪಕ್ಕದ ಹಾಸಿಗೆಯಲ್ಲಿ ಗುಬ್ಬಿ ನಿದ್ದೆಯಲ್ಲೇ ಕೆಮ್ಮಿದಳು. ಒಮ್ಮೆ, ಮತ್ತೊಮ್ಮೆ, ಆಮೇಲೆ ಉಸಿರಿಗೆ ತಡಕಾಡುವ ಹಾಗೆ. ಎತ್ತಿದ ಟವೆಲು ಎತ್ತಿದಲ್ಲೇ ನಿಂತಿತು, ಕೆಳಗಿಳಿಯಿತು. ಮಾವ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟ. ಮುಚ್ಚಳ ಮುಚ್ಚಿದ.

ತಿಂಡಿಗೆ ನಾಲ್ವರೂ ಕೂತಾಗ ಗಂಡ, ಬೇಕರಿಯಿಂದ ತಂದ ಬಿಸಿ ಬನ್ನು ಮುರಿಯುತ್ತಾ, ಬೇಡದ ಪ್ರಶ್ನೆಯನ್ನು ಕೇಳಿಯೇಬಿಟ್ಟ. "ಏನಾಯ್ತು ಆ ಪ್ಲಾಸ್ಟಿಕ್ಕು?"

ಸೊಸೆ ಮೇಜಿನ ಕೆಳಗೆ ಅವನ ಕಾಲು ತುಳಿದಳು.

"ನಮ್ಮ ಕಡೆ," ಎಂದ ಮಾವ. "ಒದ್ದೆ ನಮ್ಮ ಕಡೆ. ನೀರು ಮನೇದೇ. ಅರ್ಧ ಒರೆಸಿದ್ದೆ, ಉಳಿದದ್ದು ಹಾಗೇ ಇದೆ, ಬೇಕಾದ್ರೆ ನೋಡ್ಕೊಳ್ಳಿ." ಬಾಯಿ ಒರೆಸಿಕೊಂಡು ಎದ್ದು ನಿಂತ. "ಗುಬ್ಬಿ, ನನ್ನ ಸೂಟ್‌ಕೇಸು ಎಲ್ಲಿ?"

"ಅಪ್ಪ, ಕೂತ್ಕೊಳ್ಳಿ, ಅದೇನು ಮಕ್ಕಳಾಟ," ಎಂದ ಗಂಡ.

"ಮಕ್ಕಳಾಟ ಅಲ್ಲ. ಮಾತು."

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನನ್ನು ಮಾತಿನಿಂದ ಕೂರಿಸಲಾಗದು. ಸೂಟ್‌ಕೇಸು ಇದ್ದುದು ಮೂಲೆಯ ಕೋಣೆಯ ದೊಡ್ಡ ಕಪಾಟಿನ ಹಿಂದೆ. ಜಾಗ ಉಳಿಯಲೆಂದು ಮಾವನೇ ಅದನ್ನು ನಿಲ್ಲಿಸಿ, ಕಪಾಟನ್ನು ಗೋಡೆಗೆ ಒತ್ತಿ ಕೂರಿಸಿದ್ದ. ಗಂಡ ಒಂದು ಕಡೆ, ಸೊಸೆ ಒಂದು ಕಡೆ ಹಿಡಿದು ಕಪಾಟನ್ನು ಈಚೆ ಎಳೆದರು.

ಕಪಾಟಿನ ಹಿಂದಿನ ಗೋಡೆ ನೆಲದಿಂದ ಎದೆಯೆತ್ತರದವರೆಗೆ ಮಸಿ ಬಳಿದ ಹಾಗೆ ಕಪ್ಪಾಗಿತ್ತು. ಅದರಿಂದ ಕೈಯಳತೆಯಲ್ಲೇ ಗುಬ್ಬಿಯ ದಿಂಬು. ಗೋಡೆಗೊರಗಿ ನಿಂತಿದ್ದ ಸೂಟ್‌ಕೇಸಿನ ಕಂದು ಚರ್ಮ ಎಲ್ಲೂ ಕಾಣುತ್ತಿರಲಿಲ್ಲ; ಮೈತುಂಬ ಬೂದಿ ಹಸಿರಿನ ತುಪ್ಪಳ.

"ಅಜ್ಜಾ," ಎಂದಳು ಗುಬ್ಬಿ, "ನಿನ್ನ ಸೂಟ್‌ಕೇಸಿಗೆ ಗಡ್ಡ ಬಂದಿದೆ!"

ಮೊದಲು ಗಂಡನಿಗೆ ನಗು ಬಂತು. ಅವನು ಅದನ್ನು ಕೆಮ್ಮು ಎಂದು ತೋರಿಸಲು ಹೋಗಿ ಸಿಕ್ಕಿಬಿದ್ದ. ಆಮೇಲೆ ಸೊಸೆಗೆ. ಮಾವ ಮಾತ್ರ ನಗದೆ ಬಗ್ಗಿ, ಚರ್ಮದ ಮೇಲೆ ಬೆರಳಾಡಿಸಿ, ಬೆರಳನ್ನೂ ಗೋಡೆಯನ್ನೂ ದಿಂಬನ್ನೂ ನೋಡಿದ.

"ಇದರ ಪಕ್ಕ ಮಲಗಿಸಿದ್ದೆನಾ ಇವಳನ್ನ?" ಎಂದ.

ಫೋನಿನಲ್ಲಿ ಮಗಳು ಎಲ್ಲವನ್ನೂ ಕೇಳಿ, "ಬಾ ಅಪ್ಪ, ಸಂತೋಷ. ಆದ್ರೆ ಆ ಬೂಷ್ಟಿನ ಸೂಟ್‌ಕೇಸು ನಮ್ಮನೇಲಿ ಬೇಡವೇ ಬೇಡ," ಎಂದಳು.

"ಬೇರೆ ಬ್ಯಾಗ್ ಕೊಡ್ತೀನಿ," ಎಂದು ಬಾಯಿಬಿಟ್ಟ ಗಂಡನ ಇನ್ನೊಂದು ಕಾಲಿಗೂ ತುಳಿತ ಬಿತ್ತು.

"ಅವರು ಸೂಟ್‌ಕೇಸು ತಗೊಂಡು ಹೋಗ್ತೀನಿ ಅಂದದ್ದು," ಎಂದಳು ಸೊಸೆ. "ಮಾತು ಅಂದ್ರೆ ಮಾತು, ಅಲ್ವಾ ಮಾವ? ಅದು ಒಣಗಲಿ, ಹೋಗುವಿರಂತೆ. ಆದ್ರೆ ಸೂಟ್‌ಕೇಸು ಒಣಗಬೇಕಾದ್ರೆ ಮೊದಲು ಮನೆ ಒಣಗಬೇಕು. ನನ್ನ ಬಸ್ಸಿನ ವಿದ್ಯೆ ನೋಡಿದ್ವಿ, ಗೋಡೆ ತಣ್ಣಗಾಗಿದ್ದೇ ಬಂತು. ಲಾರಿ ಬಂದಾಗ ಏನು ಮಾಡ್ತಿದ್ರಿ ಅಂದ್ರಿ?"

"ಪೂರಾ ತೆರೀತಿದ್ವಿ," ಎಂದ ಮಾವ, ಅನುಮಾನದಿಂದ. "ಸರಸರ ಇಳಿಸ್ತಿದ್ವಿ. ಧಡ್ ಅಂತ..." ನಡುವೆ ನಿಲ್ಲಿಸಿ ಕಿಟಕಿಯ ಕಡೆ ನೋಡಿದ. "ಗೋಡೆ ತಣ್ಣಗಾಗೋ ಮುಂಚೆ ಮುಚ್ಚಿಬಿಟ್ರೆ... ಗಾಳಿ ಮಾತ್ರ ಬದಲಾಗುತ್ತೆ. ಕಾವು ಗೋಡೇಲೇ ಇರುತ್ತೆ."

"ಇಲ್ಲಿ ಒಳಗಿನ ಹಬೇನೇ ಸರಕು. ಇಳಿಸಿಬಿಡಿ."

ಅವನು ಟೇಪು ಕಿತ್ತ. ತಾನೇ ಅಂಟಿಸಿದ್ದನ್ನು ತಾನೇ ಉಗುರಿನಿಂದ ಎಬ್ಬಿಸಿ ಎಬ್ಬಿಸಿ, ಬೈದುಕೊಳ್ಳುತ್ತಾ ಕಿತ್ತ. ಗಾಳಿಕಿಂಡಿಯ ರಟ್ಟೂ ಹೊರಬಿತ್ತು. ಆಮೇಲೆ ನಾಲ್ಕೂ ಕಿಟಕಿಗಳನ್ನು, ರೂಮಿನ ಬಾಗಿಲುಗಳನ್ನು ಒಟ್ಟಿಗೆ ಹಾರುಹೊಡೆದ. ಗಾಳಿ ಬೀದಿಯಿಂದ ಅಂಗಳಕ್ಕೆ ಮನೆಯನ್ನು ಸೀಳಿಕೊಂಡು ಹೋಯಿತು. ಪರದೆಗಳು ಎದ್ದವು, ಬನ್ನಿನ ಕಾಗದ ಹಾರಿತು, ಗುಬ್ಬಿ ಕಂಬಳಿ ಸುತ್ತಿಕೊಂಡು ಕಿರುಚಿದಳು. ಗಾಜಿನ ಮೇಲಿನ ಮಂಜು ಅಂಚಿನಿಂದ ನಡುವಿಗೆ ಸರಿಯುತ್ತಾ ಮಾಯವಾಗುವುದನ್ನು ಮಾವ ಕಣ್ಣು ಕಿರಿದು ಮಾಡಿ ನೋಡುತ್ತಾ ನಿಂತ. ಕೊನೆಯ ಚೂರು ಹೋದದ್ದೇ ಧಡ್ ಎಂದು ಮುಚ್ಚಿದ.

ಅಂದಿನಿಂದ ಮಾವನೇ ಮನೆಗೆ ಮೇಸ್ತ್ರಿಯಾದ. ಬೆಳಿಗ್ಗೆ ಎಲ್ಲರೂ ಎದ್ದ ಕೂಡಲೇ, ಅಡುಗೆಯಾದ ಮೇಲೆ, ಮಲಗುವ ಮುಂಚೆ "ಲಾರಿ ಬಂತು!" ಎಂಬ ಕೂಗು ಏಳುವುದು, ಯಾರು ಎಲ್ಲಿದ್ದರೂ ಸ್ವೆಟರು ಹುಡುಕಬೇಕು. ಸ್ನಾನ ಮಾಡಿದವರು ಬಚ್ಚಲಿನ ಬಾಗಿಲು ಮುಚ್ಚಿಕೊಂಡು, ಒಳಗಿನ ಕಿಂಡಿ ತೆರೆದೇ ಈಚೆ ಬರಬೇಕು. ಒದ್ದೆ ಬಟ್ಟೆಯ ಸ್ಟ್ಯಾಂಡು ಮಲಗುವ ಕೋಣೆಯಿಂದ ಗಡೀಪಾರಾಗಿ ಅದೇ ಬಚ್ಚಲು ಸೇರಿತು. ಮುಚ್ಚಳವಿಲ್ಲದೆ ಕುದಿಯುವ ಪಾತ್ರೆ ಕಂಡರೆ ಮಾವ, "ಯಾರದಿದು?" ಎಂದು ಕಳ್ಳನನ್ನು ಹಿಡಿದವನಂತೆ ಕೇಳುವನು. ಗಂಡ ಹಗಲು ಉಸಿರಾಡಿ ತುಂಬಿಸಿದ ಕೋಣೆಯನ್ನು ಅವನು ಏಳುತ್ತಿದ್ದಂತೆಯೇ, ಕೆಲವೊಮ್ಮೆ ಏಳುವ ಮುಂಚೆಯೇ, ಹಾರುಹೊಡೆಯುವನು.

"ಅಪ್ಪ, ನಾನು ಮೀನಲ್ಲ!" ಎಂದು ಹೊದಿಕೆಯೊಳಗಿಂದ ಕೂಗು.

"ಮೀನಾಗಿದ್ರೆ ಇಷ್ಟು ಹೊತ್ತಿಗೆ ಕೆಟ್ಟುಹೋಗಿರ್ತಿದ್ದೆ. ಏಳು."

ಕಪ್ಪುಗೋಡೆಯನ್ನು ಸೊಸೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಉಜ್ಜಿ ತೊಳೆದು ಒಣಗಿಸಿದಳು. ಕಪಾಟು ಮತ್ತೆ ಗೋಡೆಗೆ ಒರಗಲಿಲ್ಲ. ನಡುವೆ ಒಂದು ಗೇಣು ಗಾಳಿ ಓಡಾಡಿತು. ಗುಬ್ಬಿಯ ಮಂಚ ಒಳಗೋಡೆಗೆ ಬಂತು, ಹಳೆಯ ದಿಂಬು ಕಸಕ್ಕೆ ಹೋಯಿತು. ಹೀಟರನ್ನು ಒಮ್ಮೆ ಧಗಧಗ, ಒಮ್ಮೆ ಬಂದ್ ಮಾಡದೆ ಸಣ್ಣಗೆ ಒಂದೇ ಸಮನೆ ಇಟ್ಟರು. ಕೆಲವು ಬೆಳಿಗ್ಗೆ ಗಾಜಿನ ಅಂಚಿನಲ್ಲಿ ಹನಿ ಕಾಣುತ್ತಿತ್ತು. ಅದನ್ನು ಒರೆಸುವುದು ಮಾವನ ಟವೆಲಿನ ಪಾಲು. ಕೆಮ್ಮು ಒಂದೇ ಸಲಕ್ಕೆ ಹೋಗಲಿಲ್ಲ. ಸಾಲ ತೀರಿಸುವವನ ಹಾಗೆ ಇಷ್ಟಿಷ್ಟೇ ಕಡಿಮೆಯಾಗುತ್ತಾ, ಒಂದು ದಿನ ಯಾರಿಗೂ ಹೇಳದೆ ನಿಂತುಹೋಯಿತು. ಬರೆಯಲು ಮಂಜಿಲ್ಲವೆಂದು ಗುಬ್ಬಿ ಗಾಜಿಗೆ ಬಾಯಿಟ್ಟು ಊದಿ ಮೀಸೆ ಬರೆದಾಗ, "ಏಯ್, ಹೊರಗೆ ಹೋಗಿ ಊದು!" ಎಂದು ಮೇಸ್ತ್ರಿ ಗದರಿದ.

ಸೂಟ್‌ಕೇಸನ್ನು ಮಾವ ಸೋಪಿನ ಬಟ್ಟೆಯಲ್ಲಿ ಒರೆಸಿ, ಬಾಯಿ ತೆರೆದು, ಕಪಾಟಿನ ಮೇಲೆ ಒಣಗಲು ಇಟ್ಟಿದ್ದ. ಪ್ರತಿ ಭಾನುವಾರ ತಿಂಡಿಯಾದ ಮೇಲೆ ಸ್ಟೂಲು ಹತ್ತಿ ಅದರೊಳಗೆ ಮುಖವಿಟ್ಟು ಮೂಸುವನು. ಮನೆಯವರೆಲ್ಲ ಕೆಳಗೆ ಕಾಯುವರು.

"ಏನು ಮಾವ?"

"ಇನ್ನೂ ಆರಿಲ್ಲ."

ಮರಗಳಲ್ಲಿ ಹಸಿರು ಕಾಣಿಸಿಕೊಂಡ ಒಂದು ಭಾನುವಾರ ಮಾವ ಸ್ಟೂಲು ಹತ್ತಿದ, ಮೂಸಿದ. ಬಿಸಿಲು ನೇರ ಬಂದು ಸೂಟ್‌ಕೇಸಿನ ಹೊಟ್ಟೆಯೊಳಗೆ ಕೂತಿತ್ತು. ಅವನು ಬಹಳ ಹೊತ್ತು ಮೂಸಿದ. ಆಮೇಲೆ ಅದನ್ನು ಕೆಳಗಿಳಿಸಿ, ಮೊದಲ ಸಲ, ಸೊಸೆಯ ಮುಂದೆ ಹಿಡಿದ.

"ನೀನೇ ನೋಡಿ ಹೇಳು. ನನ್ನ ಮೂಗಿಗೆ ವಯಸ್ಸಾಯ್ತು."

ಸೊಸೆ ಕೈ ಒಳಗಿಟ್ಟಳು. ತಳದ ಬಟ್ಟೆ ಬಿಸ್ಕತ್ತಿನಂತೆ ಗರಿಗರಿಯಾಗಿತ್ತು. ಮೂಲೆ ಮೂಲೆಗೂ ಬೆರಳು ಆಡಿಸಿದಳು; ಚರ್ಮ, ಬಿಸಿಲು, ಸೋಪು. ಅಷ್ಟೇ. ಮಾವ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ, ಕೊಳೆಯೇ ಇಲ್ಲದ ಗಾಜನ್ನು ಹೆಬ್ಬೆರಳಿನಿಂದ ಉಜ್ಜುತ್ತಾ.

"ಒದ್ದೆ ಇದೆ ಮಾವ," ಎಂದಳು, ಸೂಟ್‌ಕೇಸನ್ನು ಎತ್ತಿ ಕಪಾಟಿನ ಮೇಲೆ ವಾಪಸು ಇಡುತ್ತಾ. "ಮುಂದಿನ ಚಳಿಗಾಲ ಒಂದು ಕಳೀಲಿ, ಆಮೇಲೆ ನೋಡೋಣ."

"ನಾನೂ ಅದನ್ನೇ ಅಂದ್ಕೊಂಡೆ," ಎಂದ ಮಾವ. "ಲಾರಿ ಬಂತು! ತೆಗೀರಿ ಕಿಟಕಿ!"